ದೊರೆಯ ಅಪ್ಪಣೆ

ನಿಂಗಕ್ಕ ಅದಿರಿನ ಬುಟ್ಟಿ ಹೊತ್ತುಕೊಂಡೇ ಬಂದು ಗಣಿಯ ಬಿಳಿ ದೊರೆಯ ಕುದುರೆಗೆ ಅಡ್ಡ ನಿಂತಳು. ಅವಳ ಕುಪ್ಪಸ ಎದೆಹಾಲಿಗೆ ನೆನೆದಿತ್ತು. ಅದರ ಮೇಲೆ ಕೂತ ಗಣಿಯ ಧೂಳು ಕೆಸರಾಗಿತ್ತು.

"ಮಧ್ಯಾಹ್ನದ ಗಂಟಿಗೆ ಒಂದು ಸಲ ಹಾಲು ಕುಡಿಸಿದ್ರ ಸಾಲವಲ್ದು. ಇನ್ನೂ ಹೆಚ್ಚು ಸಲ ಹೋಗಿ ಬರಾಕ ಬಿಡ್ರಿ ಅಂತ ದೊರಿಗೆ ಹೇಳ್ರಿ ರಾಯರ. ಕೂಸು ಬೆಳಗ್ಗಿಂದ ಒಂದ ಸಮ ಅಳಾಕತ್ತೈತಿ," ಎಂದಳು.

ಸಂಡೂರಿನ ಆ ಗುಡ್ಡದ ಮೇಲೆ ದೊರೆಯನ್ನು ಬಿಟ್ಟರೆ ಇಂಗ್ಲಿಷ್ ಬಲ್ಲವನು ಗುಮಾಸ್ತ ಪ್ರಭಂಜನರಾಯ ಒಬ್ಬನೇ. ಅವನು ಟೊಪ್ಪಿಗೆ ತೆಗೆದು ಮುಂದೆ ಬಂದ.

"ಸರ್, ಷಿ ವಾಂಟ್ಸ್ ಟು ಗೋ..."

ಮಾತು ಅಲ್ಲಿಗೇ ನಿಂತಿತು. ಹೆಚ್ಚು ಸಲ ಎನ್ನಲು 'ಮೋರ್ ಆಫನ್' ಅನ್ನಬೇಕೋ, 'ಆಫನರ್' ಅನ್ನಬೇಕೋ? ಹೊಸಪೇಟೆಯ ಸಂಜೆ ಕ್ಲಾಸಿನ ಮಾಸ್ತರರು ಎರಡೂ ನಡೆಯುತ್ತವೆ ಎಂದಿದ್ದರು. ಯಾವುದು ಎಲ್ಲಿ ಎಂದು ಕೇಳಲು ಇವನಿಗೆ ಸಂಕೋಚವಾಗಿತ್ತು. ಹೋದ ವಾರ ಬಂಡಿಗಳು ಮೊದಲಿಗಿಂತ ಹೆಚ್ಚು ಸಲ ಕೆಡುತ್ತಿವೆ ಎನ್ನಲು ಹೋಗಿ, ಎರಡನ್ನೂ ಕೂಡಿಸಿ 'ಮೋರ್ ಆಫನರ್' ಎಂದುಬಿಟ್ಟಿದ್ದ. ದೊರೆ ಬಿದ್ದು ಬಿದ್ದು ನಕ್ಕು, ಇನ್ನೊಮ್ಮೆ ಹೀಗಾದರೆ ಇಂಗ್ಲಿಷ್ ಬರುವ ಗುಮಾಸ್ತನನ್ನು ಹುಡುಕಿಕೊಳ್ಳುತ್ತೇನೆ ಎಂದಿದ್ದ. ನಕ್ಕದ್ದು ತಮಾಷೆಗಿರಬಹುದು. ಆಮೇಲೆ ಹೇಳಿದ್ದು ತಮಾಷೆಯಾಗಿರಲಿಲ್ಲ.

"ವೆಲ್?" ಎಂದ ದೊರೆ.

ಪ್ರಭಂಜನ ಟೊಪ್ಪಿಗೆಯನ್ನು ಕೈಯಲ್ಲೇ ತಿರುಗಿಸಿದ.

"ಏನ್ರಿ ರಾಯರ, ಇಂಗ್ಲಿಷು ಗಂಟ್ಲಾಗ ಸಿಕ್ಕೊಂತೇನು? ನೀರು ತರಿಸ್ಲಾ?" ಎಂದು ಮೇಸ್ತ್ರಿ ದೊಡ್ಡಬಸಪ್ಪ ನಕ್ಕ.

ದೊರೆ ಗಡಿಯಾರ ನೋಡಿಕೊಂಡು "ಟುಮಾರೊ" ಎಂದವನೇ ಕುದುರೆ ತಿರುಗಿಸಿ ಇಳಿಜಾರಿನ ದಾರಿ ಹಿಡಿದ.

"ಏನಂದ್ರು ದೊರಿ?" ನಿಂಗಕ್ಕ ಕೇಳಿದಳು.

ನಾಳೆ ಅಂದರು ಎನ್ನುವುದು ಸುಲಭವಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಕೆಳಗೆ, ಹುಣಸೆಮರಕ್ಕೆ ಜೋಲಿ ಕಟ್ಟಿದ್ದ ಕಡೆಯಿಂದ ಬೆಳಗಿನಿಂದ ಕೇಳುತ್ತಿದ್ದ ಅಳು ಈಗ ಕೇಳುತ್ತಿರಲಿಲ್ಲ. ಪ್ರಭಂಜನ ಆ ಕಡೆ ನೋಡಿದ. ನಿಂಗಕ್ಕನೂ ಅತ್ತಲೇ ನೋಡುತ್ತಿದ್ದಳು.

"ಹೋಗಿ ಬಾ ಅಂದ್ರು," ಎಂದ.

"ದಿನಕ್ಕ ಎಷ್ಟು ಸಲರಿ?"

"ಕೂಸು ಅತ್ತಾಗೆಲ್ಲ."

ದೊಡ್ಡಬಸಪ್ಪನ ನಗು ನಿಂತಿತು. "ಇಷ್ಟೆಲ್ಲ ಒಂದ ಮಾತಿನಾಗ ಅಂದ್ರೇನು?"

"ಇಂಗ್ಲಿಷ್ ಹಂಗನ ಅದ, ಬಸಪ್ಪ. ಮಾತು ಕಡಿಮಿ," ಎಂದ ಪ್ರಭಂಜನ. ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡ.

ನಿಂಗಕ್ಕ ಬುಟ್ಟಿಯನ್ನು ಇದ್ದಲ್ಲೇ ಇಳಿಸಿ ಓಡಿದಳು. ಅದಿರು ಹೊತ್ತ ಹೆಂಗಸರ ಸಾಲಿನಲ್ಲಿ ಅವಳ ಹಿಂದಿದ್ದ ಬಸಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ರಾಯರ, ಅಪ್ಪಣಿ ಆಕಿಗೊಬ್ಬಾಕಿಗೋ, ಕೂಸು ಇದ್ದಾಕ್ಯಾರಿಗೆಲ್ಲಾನೋ?"

ಪ್ರಭಂಜನ ಬಾಯಿ ತೆರೆಯುವಷ್ಟರಲ್ಲಿ ಬಸಕ್ಕನ ಬುಟ್ಟಿ ನೆಲಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗುಡ್ಡದ ಉದ್ದಕ್ಕೂ ಅದಿರು ಉರುಳುವ ಸದ್ದೆದ್ದಿತು.

ಸದ್ದು ಕೇಳಿ, ಕೆಳಗಿನ ತಿರುವಿನಲ್ಲಿ ದೊರೆಯ ಕುದುರೆ ನಿಂತಿತು.