ಬ್ರಹ್ಮಚಾರಿ ಬೂಷ್ಟು

ಬೂಷ್ಟು ಬೆಳೆಸಿದ ಗಾಜಿನ ತಟ್ಟೆಯನ್ನು ಕಸದ ಡಬ್ಬಿಯ ಮೇಲೆ ಹಿಡಿದು ಸಂಶೋಧಕಿ ಮೀನಮೇಷ ಎಣಿಸುತ್ತಿರುವಾಗಲೇ ಅವಳ ಮೇಷ್ಟ್ರು ಒಳಗೆ ಬಂದರು. “ಏನಮ್ಮ ಅದು, ತೋರಿಸು” ಎಂದು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ.

ತಟ್ಟೆಯ ಒಂದು ಅಂಚಿನಲ್ಲಿ ಮೇಷ್ಟ್ರ ಬೂಷ್ಟು, ಇನ್ನೊಂದು ಅಂಚಿನಲ್ಲಿ ಅವಳು ಎಲ್ಲಿಂದಲೋ ತಂದಿಟ್ಟದ್ದು. ನಡುವೆ ಕಾಡಿಗೆ ತೀಡಿದಂಥ ಕಪ್ಪು ಗೆರೆ. ಒಂದರ ವಾಸನೆ ಹಿಡಿದು ಇನ್ನೊಂದು ಬೆಳೆದು ಬಂದು, ಎರಡೂ ಕೂಡಿ ಬೀಜ ಕಟ್ಟಿದ ಗುರುತು ಅದು. ತಮ್ಮ ಬೂಷ್ಟು ಯಾವುದರೊಂದಿಗೂ ಕೂಡುವುದಿಲ್ಲ ಎಂದು ಸಾಧಿಸಿಯೇ ಮೇಷ್ಟ್ರು ಹೆಸರು ಮಾಡಿದ್ದರು. ಅದರ ಸೀಸೆಗೆ ‘ಬ್ರಹ್ಮಚಾರಿ’ ಎಂದು ಚೀಟಿಯನ್ನೂ ಅಂಟಿಸಿದ್ದರು. ಅವರು ಅದಕ್ಕೆ ಜೋಡಿಯಾಗಿ ಇಟ್ಟು ನೋಡಿದ್ದೆಲ್ಲ ಒಂದೇ ಬೀಜದಿಂದ ಬಂದ ಅಣ್ಣತಮ್ಮಂದಿರು; ಎಲ್ಲದಕ್ಕೂ ಒಂದೇ ವಂಶವಾಹಿ, ಒಂದೇ ವಾಸನೆ; ಅಂಥವು ತಮ್ಮತಮ್ಮಲ್ಲಿ ಕೂಡುವುದಿಲ್ಲ. ಇದು ಅವಳಿಗೆ ಹೋದ ವಾರವೇ ಗೊತ್ತಾಗಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

ಮೇಷ್ಟ್ರು ತಟ್ಟೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಅದನ್ನು ಕೆಳಗಿಟ್ಟು, ಸೀಸೆ ಎತ್ತಿಕೊಂಡು, ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು. ಬೂಷ್ಟಿನಲ್ಲಿ ಗಂಡು ಹೆಣ್ಣು ಅಂತಿಲ್ಲ, ಪ್ಲಸ್ಸು ಮೈನಸ್ಸು ಅನ್ನಬೇಕು ಎಂದು ತರಗತಿಯಲ್ಲಿ ಗದರುತ್ತಿದ್ದವರು ಅವರು.

“ಹುಡುಗಿ ಯಾವ ಕಡೆಯವಳು?” ಎಂದು ಕೇಳಿದರು.

“ಕೆಳಗಡೆ ಕ್ಯಾಂಟೀನಿಂದು ಸರ್. ಹಳೇ ಬ್ರೆಡ್ಡಲ್ಲಿ ಸಿಕ್ತು.”

ಉಗುರು ಅಲ್ಲಿಗೇ ನಿಂತಿತು.

“ಅಲ್ಲೇ ಅಲ್ವೇನಮ್ಮ, ಇಷ್ಟು ವರ್ಷ ನಾನು ದಿನಾ ಟೀ ಕುಡಿದಿದ್ದು” ಎಂದರು.