ನಾಲ್ಕು ಜನರ ಸಾಂಬಾರು

ಎಣ್ಣೆಗೆ ಇಂಗು ಬಿದ್ದ ವಾಸನೆ ಬಂದರೆ ಕಾಮೋಠೆಯ ನಮ್ಮ ಮನೆಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ನೀರು ಬಾರದೆ ಹೋಟೆಲು ಮುಚ್ಚಿತ್ತು. ಅಲ್ಲಿ ಅಡುಗೆ ಮಾಡುತ್ತಿದ್ದ ಅಪ್ಪ ಅಪರೂಪಕ್ಕೆ ಮನೆಯಲ್ಲಿದ್ದರು. ಟಿವಿಯ ಸಿನಿಮಾದಲ್ಲಿ ಬಾಣಸಿಗನೊಬ್ಬ ತನ್ನ ಮಕ್ಕಳಿಗೆ ಅಡುಗೆ ಮಾಡಿ ಬಡಿಸುತ್ತಿದ್ದ.

“ಪಪ್ಪಾ, ಆಪ್ ಭೀ ಬನಾವೋ ನಾ,” ನೀವೂ ಮಾಡಿ ಎಂದು ಹಿಂದಿಯಲ್ಲೇ ಗೋಗರೆದಳು ತಂಗಿ.

ಅಪ್ಪ ಎದ್ದುಹೋಗಿ ಅಮ್ಮನ ಪುಟ್ಟ ಪಾತ್ರೆಯನ್ನು ತಿರುಗಿಸಿ ನೋಡಿದರು. ಮುಷ್ಟಿ ತುಂಬ ತೊಗರಿಬೇಳೆ ಹಿಡಿದು ಹಾಗೇ ನಿಂತರು.

“ಇನ್ನೂರು ಜನಕ್ಕಾದರೆ ಕೈಗೇ ಗೊತ್ತುಂಟು. ನಾಲ್ಕು ಜನಕ್ಕೆ ಎಷ್ಟು ಹಾಕುವುದು ಮಾರಾಯ್ತಿ?”

ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. “ನನಗೂ ಗೊತ್ತಿಲ್ಲ. ನಾನು ದಿನಾ ಹಾಕುವುದು ಮೂರು ಜನಕ್ಕೆ.”

ಅಪ್ಪ ಮುಷ್ಟಿಯಲ್ಲಿದ್ದ ಬೇಳೆಯನ್ನು ಪಾತ್ರೆಗೆ ಹಾಕಿದರು. ಸಾಂಬಾರು ಕುದಿಯುವಾಗ ಅಮ್ಮ ಮೇಲಿನ ಹಲಗೆಯಿಂದ ಇನ್ನೊಂದು ತಟ್ಟೆ ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು.