ಅನ್ನ ಮುಟ್ಟದ ಮಾತುಕತೆ

ಮೂಗಿನ ನೇರಕ್ಕೆ ಒಂದು ದೋಣಿಯ ಹುಟ್ಟು ಬಂದು ನಿಂತದ್ದೇ ತೀರ್ಥರಾಮ ಗೌಡರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಹುಟ್ಟಿನ ತುದಿಯಲ್ಲಿ ತಟ್ಟೆ, ತಟ್ಟೆಯಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ. ಅದರ ಇನ್ನೊಂದು ತುದಿ ಹಿಡಿದು ಕೆಂಡದ ಒಲೆಯಾಚೆ ನಿಂತವನು ಅಚ್ಚುತ, ತಲೆಗೊಂದು ಬೈರಾಸು ಕಟ್ಟಿಕೊಂಡಿದ್ದ. ಹಡಗಿನಲ್ಲಿ ಜಪಾನಿ ಅಡುಗೆಯವರ ಜೊತೆ ವರ್ಷಗಟ್ಟಲೆ ದುಡಿದು, ಹೀಗೆ ಹುಟ್ಟಿನಲ್ಲಿ ಬಡಿಸುವುದನ್ನೂ ಕಲಿತು ಬಂದವನು ಪುತ್ತೂರಿನ ಹಳೆಯ ಬಾರೊಂದನ್ನು ಹಿಡಿದು 'ಇಝಕಾಯ' ಎಂದು ಬೋರ್ಡು ಹಾಕಿಬಿಟ್ಟಿದ್ದ. ಕುಡಿಯುತ್ತ, ಚೂರು ಚೂರು ತಿನ್ನುತ್ತ, ಹೊತ್ತು ಹೋಗುವವರೆಗೆ ಪಟ್ಟಾಂಗ ಹೊಡೆಯುವ ಜಾಗಕ್ಕೆ ಜಪಾನಿನವರು ಹಾಗೆ ಹೇಳುತ್ತಾರಂತೆ.

"ತೆಗೊಳ್ಳಿ ಮಾರಾಯ್ರೆ, ನನ್ನ ಕೈ ನೋಯ್ತದೆ," ಎಂದ ಅಚ್ಚುತ.

ಗೌಡರು ಪಟ್ಟಾಂಗಕ್ಕೆ ಬಂದವರಲ್ಲ. ಎದುರಿಗೆ ಕೂತಿದ್ದವರು ಕೆದಂಬಾಡಿಯ ಸುಂದರಿಯಕ್ಕ. ಅವರ ಮಗ ಅವಿನ್‌ನನ್ನೇ ಮದುವೆಯಾಗುತ್ತೇನೆಂದು ಗೌಡರ ಮಗಳು ದೀಕ್ಷಿತಾ ಹಟ ಹಿಡಿದಿದ್ದಳು. ಹಿರಿಯರಿಬ್ಬರು ಒಮ್ಮೆ ಕೂತು ಮಾತಾಡಲಿ, ಬೇಡವೆಂದರೆ ಬಿಟ್ಟುಬಿಡುತ್ತೇವೆ ಎಂದು ಮಕ್ಕಳು ಮಾತು ಕೊಟ್ಟಿದ್ದರು. ಯಾರ ಮನೆಯೂ ಬೇಡವೆಂದು ಈ ಜಾಗ ಆರಿಸಿದ್ದೂ ಅವರೇ. ಜಾತಿ ಬೇರೆ, ಮನೆಮಾತು ಬೇರೆ. ಗೌಡರಿಗೆ ಸುತಾರಾಂ ಮನಸ್ಸಿರಲಿಲ್ಲ. ಹಾಗೆಂದು ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದು ಮರ್ಯಾದೆಯೂ ಅಲ್ಲ. ಅದಕ್ಕೆ ಆ ಸೀಮೆಯಲ್ಲೆಲ್ಲ ಒಂದು ಕ್ರಮವಿತ್ತು. ಸಂಬಂಧದ ಮಾತಿಗೆ ಹೋದಲ್ಲಿ ಅನ್ನ ಉಂಡರೆ ಒಪ್ಪಿದ ಹಾಗೆ; ತಿಂಡಿಯಲ್ಲೇ ಕೈ ತೊಳೆದು ಎದ್ದರೆ ಇಲ್ಲ ಎಂದ ಹಾಗೆ.

ಎರಡನೇ ಸಲ ಹುಟ್ಟಿನ ಮೇಲೆ ಬಂದದ್ದು ಅರಿಸಿನ ಎಲೆಯಲ್ಲಿ ಸುತ್ತಿದ ಅನ್ನದ ಉಂಡೆ, ಒಳಗೆ ಒಣ ಸಿಗಡಿ ಚಟ್ನಿ. ಗೌಡರು ಅದನ್ನು ನಯವಾಗಿ ಸುಂದರಿಯಕ್ಕನ ಕಡೆಗೆ ತಳ್ಳಿದರು. ಅವರು ಅಷ್ಟೇ ನಯವಾಗಿ ವಾಪಸು ತಳ್ಳಿದರು.

"ನನಗೆ ಇವತ್ತು ಅನ್ನ ಆಗುದಿಲ್ಲ ಗೌಡ್ರೆ."

"ನನಗೂ ಆಗುದಿಲ್ಲ ಅಕ್ಕ."

ಓಹೋ, ಇವರೂ ಬೇಡ ಎನ್ನಲಿಕ್ಕೇ ಬಂದದ್ದು! ಗೌಡರಿಗೆ ಎದೆ ಹಗುರಾಯಿತು. ಮರುಕ್ಷಣವೇ ಸಿಟ್ಟೂ ಬಂತು. ನನ್ನ ಮಗಳಿಗೆ ಎಂತ ಕಮ್ಮಿಯಾಗಿದೆ ಇವರಿಗೆ? ಅಷ್ಟರಲ್ಲಿ ಅಚ್ಚುತ ಉಂಡೆಯನ್ನು ಪಕ್ಕದ ಮೇಜಿಗೆ ದಾಟಿಸಿ, ಒಂದು ಮಣ್ಣಿನ ಹೂಜಿಯನ್ನೂ ಎರಡು ಪುಟ್ಟ ಬಟ್ಟಲುಗಳನ್ನೂ ಕಳಿಸಿದ. ಒಳಗೆ ಬೆಚ್ಚಗಿನ, ನೀರಿನಷ್ಟು ತಿಳಿಯಾದ ಪಾನೀಯ. ತಮ್ಮ ಬಟ್ಟಲಿಗೆ ತಾವೇ ಹೊಯ್ದುಕೊಳ್ಳುವ ಹಾಗಿಲ್ಲ, ಎದುರಿನವರು ಹೊಯ್ಯಬೇಕು, ಅದು ಜಪಾನಿನ ಕ್ರಮ ಎಂದು ತಾಕೀತು ಬೇರೆ. ಕೊಟ್ಟದ್ದನ್ನು ಉಳಿಸಬಾರದು ಎಂಬುದು ಇವರಿಬ್ಬರ ಕ್ರಮ. ಹೀಗಾಗಿ ಒಬ್ಬರು ಖಾಲಿ ಮಾಡುವುದು, ಇನ್ನೊಬ್ಬರು ತುಂಬುವುದು, ನಿಲ್ಲಿಸುವ ದಾರಿಯೇ ಇಲ್ಲ.

"ಬಾಣಂತನದಲ್ಲಿ ಮದ್ದೆಂದು ಬ್ರಾಂದಿ ಕುಡಿಸಿದ್ದು ಬಿಟ್ಟರೆ ಇವತ್ತೇ," ಎಂದರು ಸುಂದರಿಯಕ್ಕ. ಕಿವಿ ಕೆಂಪಾಗಿತ್ತು.

ಇನ್ನು ತಡಮಾಡಬಾರದೆಂದು ಗೌಡರು ಸಂಬಂಧ ಮುರಿಯುವ ಕೆಲಸಕ್ಕೆ ಕೈ ಹಾಕಿದರು. "ಮೊದಲೇ ಹೇಳ್ತೇನೆ ಅಕ್ಕ. ನನ್ನ ಮಗಳಿಗೆ ಒಂದು ಲೋಟ ನೀರು ಕಾಯಿಸ್ಲಿಕ್ಕೆ ಸಹ ಬರುದಿಲ್ಲ."

"ಅಯ್ಯೋ, ನನ್ನವನದ್ದು ಕೇಳಿ! ಅಡುಗೆಮನೆ ಬಿಟ್ಟು ಹೊರಗೆ ಬರುದೇ ಇಲ್ಲ. ಮೀನು ಕೊಯ್ಯುದು ಸಹ ಅವನೇ. ಗಂಡಸಾ ಅದು?"

"ಅವಳು ಜೀಪು ಬಿಡುದು ನೋಡಿದ್ರೆ ಜೀವ ಹಾರ್ತದೆ."

"ಇವನಿಗೆ ಸ್ಟೇರಿಂಗ್ ಮುಟ್ಲಿಕ್ಕೆ ಹೆದರಿಕೆ. ಯಾರಾದ್ರೂ ಕೂರಿಸಿಕೊಂಡು ಹೋಗ್ಬೇಕು."

"ಒಮ್ಮೆ ಬಾಯಿ ಬಿಟ್ಟರೆ ಅವಳು ನಿಲ್ಲಿಸುದಿಲ್ಲ."

"ಇವನು ಬಾಯಿ ಬಿಡುದೇ ಇಲ್ಲ!"

ಹಾಗೆಂದವರೇ ಸುಂದರಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದರು. ಗೌಡರು ತಡೆದು ನೋಡಿದರು, ಆಗಲಿಲ್ಲ. ಮೇಜು ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದ ಮೇಜಿನವರು ಏಕೆಂದು ತಿಳಿಯದಿದ್ದರೂ ಜೊತೆಗೆ ನಕ್ಕರು. ಇಷ್ಟು ನಕ್ಕು ಯಾವ ಕಾಲವಾಯಿತೋ ಗೌಡರಿಗೆ ನೆನಪಾಗಲಿಲ್ಲ.

"ಭಾರೀ ಒಳ್ಳೆ ಮಾಲು ಮಾರಾಯ," ಎಂದು ಅವರು ಹೂಜಿ ಎತ್ತಿ ಅಚ್ಚುತನಿಗೆ ತೋರಿಸಿದರು. "ಎಂತದ್ರಲ್ಲಿ ಮಾಡುದು? ಗೇರುಹಣ್ಣಾ?"

"ಛೇ, ಅಕ್ಕಿಯಲ್ಲಿ!" ಅಚ್ಚುತ ಎದೆಯುಬ್ಬಿಸಿದ. "ಅನ್ನ ಬೇಯಿಸಿ, ಅದನ್ನೇ ಹುಳಿ ಬರಿಸಿ ಸೋಸುದು. ಬೇರೆಂತ ಇಲ್ಲ ಅದ್ರಲ್ಲಿ, ಅಪ್ಪಟ ಅನ್ನ."

ಹೂಜಿ ಗೌಡರ ಕೈಯಲ್ಲೇ ಉಳಿಯಿತು. ಸುಂದರಿಯಕ್ಕ ತಮ್ಮ ಬಟ್ಟಲನ್ನು ಬಿಸಿ ತಾಗಿದವರಂತೆ ಕೆಳಗಿಟ್ಟರು.

"ಕುಡಿದದ್ದು ಉಂಡ ಲೆಕ್ಕಕ್ಕೆ ಬರುದಿಲ್ಲ ಗೌಡ್ರೆ," ಎಂದರು ಮೆಲ್ಲಗೆ. "ನೀವು ಹೆದರ್ಬೇಡಿ. ನಾನು ಎಲ್ಲಿಯೂ ಹೇಳುದಿಲ್ಲ." ಮುಖದ ನಗುವೆಲ್ಲ ಇಳಿದುಹೋಗಿತ್ತು. ಅವರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು.

ಗೌಡರಿಗೆ ಬೇಕಾದದ್ದು ಇದೇ ತಾನೆ? ಒಂದು ಮಾತಾಡದೆ ಕೈ ತೊಳೆದು ತಮ್ಮೂರು ಐವರ್ನಾಡಿನ ಬಸ್ಸು ಹತ್ತಿದರೆ ಮುಗಿಯಿತು. ಆದರೆ ಈ ಹೆಂಗಸು ಈಗ ಮೆಟ್ಟಿಲಿಳಿದು ಹೋದರೆ ಮತ್ತೆ ಇವರ ಎದುರು ಕೂತು ನಗುವ ಯೋಗ ಈ ಜನ್ಮದಲ್ಲಿಲ್ಲ ಎನ್ನಿಸಿತು. ಅತ್ತೆ ಎಂದರೆ ಇಂಥವರು ಸಿಗಬೇಕು ಮಗಳಿಗೆ ಎಂದೂ ಅನ್ನಿಸಿತು. ಅವರು ಇಡೀ ಇಝಕಾಯಕ್ಕೆ ಕೇಳುವ ಹಾಗೆ ಕೂಗಿದರು:

"ಅಚ್ಚುತಾ, ಎರಡು ಪ್ಲೇಟು ಅನ್ನ! ಬೇಗ ಮಾರಾಯ, ಅಕ್ಕ ಎದ್ದು ಹೋಗ್ತಾರೆ!"

ಸುಂದರಿಯಕ್ಕ ಚೀಲ ಇಳಿಸಿ, ಸೀರೆಯ ನೆರಿಗೆ ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತು, ಗಂಡಿನ ಕಡೆಯವರ ಗತ್ತಿನಲ್ಲಿ ಹೇಳಿದರು:

"ನಮಗೆ ಕುಚ್ಚಲಕ್ಕಿಯೇ ಆಗ್ಬೇಕು. ಬೆಳ್ತಿಗೆ ಅನ್ನ ಆಗ್ಲಿಕ್ಕಿಲ್ಲ."